ಕೊಟ್ರಮ್ಮನ ಮಂಚ

“ಗುರುಗಳೇ, ಪೇಟೆಯ ಗದ್ದಲ ಬಿಟ್ಟು ಹಳ್ಳಿಗೆ ಹೋಗಿ, ಕೂರುವ ಮಣೆಯನ್ನೂ ಮಲಗುವ ಮಂಚವನ್ನೂ ತನ್ನ ಕೈಯಾರೆ, ನಿಧಾನವಾಗಿ ಮಾಡಿಕೊಂಡು ಬದುಕುವವನಿದ್ದಾನೆ. ಎಲ್ಲವನ್ನೂ ಅಂಗಡಿಯಿಂದ ತಂದು ಅವಸರದಲ್ಲಿ ಬದುಕುವವನೂ ಇದ್ದಾನೆ. ಮೊದಲನೆಯವನ ಬದುಕೇ ಹೆಚ್ಚಿನದು ಅಲ್ಲವೇ?”

ಪಾಠ ಮುಗಿದ ಮೇಲೆ ಉಳಿದವರೆಲ್ಲ ಎದ್ದು ಹೋಗಿದ್ದರು. ಶಿಷ್ಯ ಮರುಳಯ್ಯ ಒಬ್ಬನೇ ಕುಳಿತು ಹೀಗೆ ಕೇಳಿದ. ಗುರುಗಳು ಹೆಗಲ ಮೇಲಿನ ವಸ್ತ್ರವನ್ನು ಮಡಿಸಿ ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಮುರಿಗೆಪ್ಪ ಎಂದು ಹೆಸರು. ಅವನ ಹೆಂಡತಿ ಕೊಟ್ರಮ್ಮ. ಒಬ್ಬಳೇ ಮಗಳು, ಮದುವೆಯಾಗಿ ಗಂಡನ ಮನೆಯಲ್ಲಿ ಸುಖವಾಗಿದ್ದಳು. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಮುರಿಗೆಪ್ಪ ಸುಳ್ಳು ಹೇಳಿ ಮಾರುವವನಲ್ಲ. ಸೀರೆಯನ್ನು ಗಿರಾಕಿಯ ಹೆಗಲಿಗೆ ಹಿಡಿದು, ಕನ್ನಡಿಯಲ್ಲಿ ತೋರಿಸಿ, ಒಪ್ಪದಿದ್ದರೆ ತಾನೇ ಬೇಡವೆಂದು ಹೇಳಿ ಬೇರೆಯದನ್ನು ತೆಗೆಯುವವನು. ಹಾಗಾಗಿ ಅವನ ಅಂಗಡಿಗೆ ಜನ ದೂರದಿಂದ ಬರುತ್ತಿದ್ದರು.

ಒಂದು ದಿನ ಗಿರಾಕಿಯೊಬ್ಬ ಕುಳಿತ ಕುರ್ಚಿ ಮುರಿದುಬಿತ್ತು. ಆಗಷ್ಟೇ ತಂದ ಹೊಸ ಕುರ್ಚಿ. ಗಿರಾಕಿಗೆ ಪೆಟ್ಟಾಗಲಿಲ್ಲ; ಎದ್ದು ಧೋತರ ಕೊಡವಿಕೊಂಡು, ನಕ್ಕು, ಬೇರೆ ಕುರ್ಚಿಯಲ್ಲಿ ಕುಳಿತ. ಅಂಗಡಿ ಮುಚ್ಚುವ ಹೊತ್ತಿನಲ್ಲಿ ಮುರಿಗೆಪ್ಪ ಆ ಮುರಿದ ಕಾಲನ್ನು ಕೈಗೆತ್ತಿಕೊಂಡು ನೋಡಿದ. ಹೊರಗೆ ತೇಗದ ಬಣ್ಣ, ತೇಗದ ಗೆರೆ. ಒಳಗೆ ಮರವೇ ಇರಲಿಲ್ಲ. ಗರಗಸದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಉಗುರಿನಿಂದ ಕೆರೆದರೆ ಪುಡಿ ಉದುರಿತು.

ಆ ಪುಡಿ ಅವನ ಮನಸ್ಸಿನಿಂದ ಹೋಗಲಿಲ್ಲ. ಮನೆಗೆ ಬಂದು ಕಪಾಟನ್ನು ಬೆರಳಿನಿಂದ ತಟ್ಟಿ ನೋಡಿದ. ಊಟದ ಮೇಜನ್ನು ತಟ್ಟಿ ನೋಡಿದ. ಎಲ್ಲ ಅದೇ ಸರಕು. ತನ್ನ ದಿನಗಳೂ ಹೀಗೆಯೇ ಎಂದು ಅವನಿಗೆ ಅನ್ನಿಸತೊಡಗಿತು. ಬೆಳಗ್ಗೆ ಬಾಗಿಲು ತೆರೆದದ್ದು ಗೊತ್ತು, ರಾತ್ರಿ ಮುಚ್ಚಿದ್ದು ಗೊತ್ತು, ನಡುವೆ ಏನಾಯಿತೆಂದು ಕೇಳಿದರೆ ಹೇಳಲು ಬರುವುದಿಲ್ಲ.

ಅವನು ಬಹಳ ದಿನ ಯೋಚಿಸಿದ. ಕೊನೆಗೆ ಅಂಗಡಿಯನ್ನು ತಮ್ಮನಿಗೆ ವಹಿಸಿದ. ಪೇಟೆಯಿಂದ ಅರ್ಧ ದಿನದ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿ ಒಂದು ಹೆಂಚಿನ ಮನೆಯನ್ನೂ, ಹಿತ್ತಲಿಗೆ ಹೊಂದಿದ ತುಂಡು ಹೊಲವನ್ನೂ ಕೊಂಡ. ಹೆಂಡತಿಗೆ ಹೇಳಿದ, “ಇನ್ನು ಸಾಕು. ಅಂಗಡಿಯಿಂದ ತಂದ ಒಂದು ಸಾಮಾನೂ ನಮಗೆ ಬೇಡ. ಕೂರುವುದಕ್ಕೆ, ಮಲಗುವುದಕ್ಕೆ ಏನು ಬೇಕೋ ನಾನೇ ಮಾಡುತ್ತೇನೆ. ನಿಧಾನವಾಗಿ ಮಾಡುತ್ತೇನೆ. ಗಟ್ಟಿಯಾಗಿ ಮಾಡುತ್ತೇನೆ.”

ಕೊಟ್ರಮ್ಮನಿಗೆ ಹಳ್ಳಿ ಹೊಸದಲ್ಲ. ಅವಳು ಹುಟ್ಟಿ ಬೆಳೆದದ್ದು ಹಳ್ಳಿಯಲ್ಲೇ. ಗಂಡನ ಮುಖದಲ್ಲಿ ಅಷ್ಟು ಉತ್ಸಾಹವನ್ನು ಅವಳು ಕಂಡು ವರ್ಷಗಳೇ ಆಗಿದ್ದವು.

“ಹೋಗೋಣ ರೀ,” ಎಂದಳು. “ಕಬ್ಬಿಣದ ಮಂಚ ಒಂದು ಬರಲಿ. ನೆಲದಿಂದ ಏಳುವುದಕ್ಕೆ ನನ್ನ ಮಂಡಿ ಕೇಳುವುದಿಲ್ಲ.”

“ಮೊದಲು ಮಾಡುವುದೇ ನಿನ್ನ ಮಂಚ,” ಎಂದ ಮುರಿಗೆಪ್ಪ. “ಈ ಕಬ್ಬಿಣ ನಮಗೆ ಯಾಕೆ?”

ಮಾರನೆಯ ದಿನ ಕಬ್ಬಿಣದ ಮಂಚವನ್ನು ಅಂಗಡಿಯ ಹಮಾಲನಿಗೆ ಕೊಟ್ಟುಬಿಟ್ಟ. ಹಮಾಲ ಅದನ್ನು ತಲೆಯ ಮೇಲೆ ಹೊತ್ತು ಹೋಗುವುದನ್ನು ಕೊಟ್ರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಚಾಪೆ, ಕಂಬಳಿ, ಪಾತ್ರೆಗಳೊಂದಿಗೆ ಇಬ್ಬರೂ ಹಳ್ಳಿಗೆ ಬಂದರು.

ಹಳ್ಳಿಯಲ್ಲಿ ವೀರಾಚಾರಿ ಎಂಬ ಬಡಗಿ ಇದ್ದ. ನೇಗಿಲು, ಕುಂಟೆ, ಬಾಗಿಲ ಚೌಕಟ್ಟು ಮಾಡಿಕೊಡುವವನು. ಬಿತ್ತನೆಯ ಕಾಲ ಬಂತೆಂದರೆ ಅವನ ಕೈಗೆ ಬಿಡುವಿಲ್ಲ. ಒಂದು ನೇಗಿಲನ್ನು ಅವನು ರೈತ ನಿಂತು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಸರಿಮಾಡಿ ಕಳಿಸುತ್ತಿದ್ದ. ಪೇಟೆಯ ಸಾಹುಕಾರ ತನ್ನ ಕೆಲಸದ ಕೊಟ್ಟಿಗೆಯಲ್ಲಿ ಬಂದು ಕೂತು ಉಳಿ ಹಿಡಿಯುವುದನ್ನು ಕಲಿಸು ಎಂದಾಗ ಅವನಿಗೆ ನಗು ಬಂತು. ಆದರೂ ಕಲಿಸಿದ.

ಮುರಿಗೆಪ್ಪ ಚೆನ್ನಾಗಿಯೇ ಕಲಿತ. ಇದನ್ನು ಹೇಳಲೇಬೇಕು. ಮೊದಮೊದಲು ಬೆರಳು ಕೊಯ್ದುಕೊಂಡ, ಮರ ಸೀಳಿದ. ಆಮೇಲೆ ಕೈ ಹದಕ್ಕೆ ಬಂತು. ಬಟ್ಟೆಯ ಹಾಸುಹೊಕ್ಕನ್ನು ಮುಟ್ಟಿ ತಿಳಿಯುತ್ತಿದ್ದ ಬೆರಳುಗಳು ಮರದ ಎಳೆ ಯಾವ ಕಡೆಗೆ ಓಡುತ್ತದೆಂದು ತಿಳಿಯತೊಡಗಿದವು. ಮೊಳೆ ಹೊಡೆಯದೆ, ಒಂದು ಮರದಲ್ಲಿ ತೂತು ಕೊರೆದು ಇನ್ನೊಂದರಲ್ಲಿ ಅದಕ್ಕೆ ತಕ್ಕ ನಾಲಿಗೆ ತೆಗೆದು ಕೂಡಿಸುವುದನ್ನು ಕಲಿತ. ಎರಡು ಮರ ಹಾಗೆ ಬಿಗಿಯಾಗಿ ಕೂತಾಗ ಸಣ್ಣದೊಂದು ಸದ್ದಾಗುತ್ತದೆ. ಆ ಸದ್ದು ಕೇಳಿದ ದಿನ ಅವನು ಮನೆಗೆ ಬಂದು ಹೊಟ್ಟೆ ತುಂಬ ಉಂಡ. ಪೇಟೆಯಲ್ಲಿ ಎಂದೂ ಬಾರದ ನಿದ್ದೆ ಇಲ್ಲಿ ಬಂತು. ಬೆಳಗ್ಗೆ ಎದ್ದರೆ ಇವತ್ತು ಏನು ಮಾಡಬೇಕೆಂದು ಗೊತ್ತಿರುತ್ತಿತ್ತು, ಸಂಜೆ ಏನು ಮಾಡಿದೆನೆಂದು ಕಣ್ಣಿಗೆ ಕಾಣುತ್ತಿತ್ತು. ಅವನು ಬಯಸಿ ಬಂದದ್ದು ಅವನಿಗೆ ಸಿಕ್ಕಿತ್ತು. ಇದರಲ್ಲಿ ತಪ್ಪೇನೂ ಇಲ್ಲ.

ಮಂಚಕ್ಕೆಂದು ಹೊನ್ನೆ ಮರ ತರಿಸಿದ. ಹಸಿ ಮರ ಒಣಗಬೇಕು, ಇಲ್ಲವಾದರೆ ಮಂಚ ಸೊಟ್ಟಗಾಗುತ್ತದೆ. ಕೊಯ್ದ ತುಂಡುಗಳನ್ನು ನೆರಳಲ್ಲಿ ಒಟ್ಟಿ, ಒಂದು ಬೇಸಿಗೆ ಕಾದ. ಇದರಲ್ಲೂ ತಪ್ಪಿಲ್ಲ. ಮರ ತನಗೆ ಬೇಕಾದಷ್ಟು ಕಾಲವನ್ನು ಕೇಳಿಯೇ ಕೇಳುತ್ತದೆ. ಕೊಟ್ರಮ್ಮನೂ ಕಾದಳು. ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗುತ್ತಿದ್ದಳು. ನಡುವೆ ಒಮ್ಮೆ, “ಅಲ್ಲಿಯವರೆಗೆ ವೀರಾಚಾರಿಯಿಂದ ನಾಲ್ಕು ಹಲಗೆ ಜೋಡಿಸಿ ಕೊಡಿಸುತ್ತೀರಾ?” ಎಂದು ಕೇಳಿದಳು. “ಇನ್ನೇನು ಆಗಿಯೇ ಹೋಯಿತಲ್ಲ,” ಎಂದ ಮುರಿಗೆಪ್ಪ. ಅವಳು ಮತ್ತೆ ಕೇಳಲಿಲ್ಲ.

ಮರ ಒಣಗಿತು. ಕಾಲುಗಳನ್ನು ಕಡೆಯಲು ಕುಳಿತ. ಪೇಟೆಯ ಗೌಡರ ದೊಡ್ಡ ಮನೆಯಲ್ಲಿ ಅವನು ಒಂದು ಹಳೆಯ ಮಂಚ ನೋಡಿದ್ದ. ಎತ್ತರದ ಮಂಚ, ಕಾಲಿನ ಬುಡದಲ್ಲಿ ಅರಳಿದ ತಾವರೆ. ತನ್ನ ಮಂಚವೂ ಹಾಗೆಯೇ ಇರಬೇಕೆಂದು ಅವನಿಗೆ ಆಸೆಯಾಯಿತು. ಒಂದೊಂದೇ ದಳವನ್ನು ಬಿಡಿಸತೊಡಗಿದ. ಒಂದು ಕಾಲು ಮುಗಿದು ಎರಡನೆಯದನ್ನು ಮಾಡಿದಾಗ ಎರಡನೆಯದು ಹೆಚ್ಚು ಚೆನ್ನಾಗಿ ಕಂಡಿತು. ಮೊದಲನೆಯದನ್ನು ಬದಿಗೆ ಹಾಕಿ ಹೊಸದಾಗಿ ಮಾಡಿದ.

ಅಷ್ಟರಲ್ಲಿ ಅವನ ಸುದ್ದಿ ಪೇಟೆಗೆ ತಲುಪಿತ್ತು. ನಡೆಯುವ ಅಂಗಡಿ ಬಿಟ್ಟು ಹಳ್ಳಿಯಲ್ಲಿ ಕೂತು ಮಂಚ ಕಡೆಯುತ್ತಿರುವ ಸಾಹುಕಾರನನ್ನು ನೋಡಲು ಜನ ಬರತೊಡಗಿದರು. ಮೊದಲು ಹಳೆಯ ಗೆಳೆಯರು, ಆಮೇಲೆ ಗೆಳೆಯರ ಗೆಳೆಯರು, ಆಮೇಲೆ ಯಾರು ಯಾರೋ. ಬಂದವರು ತಾವರೆಯ ಮೇಲೆ ಕೈಯಾಡಿಸಿ, “ಎಂಥ ಕೆಲಸ ಸಾಹುಕಾರ್ರೇ! ನಮಗೆಲ್ಲಿದೆ ಈ ತಾಳ್ಮೆ?” ಎನ್ನುತ್ತಿದ್ದರು. ಮುರಿಗೆಪ್ಪ ಉಳಿ ಕೆಳಗಿಟ್ಟು ಅವರಿಗೆ ಕುರ್ಚಿಯ ಒಳಗಿನ ಪುಡಿಯ ಕತೆ ಹೇಳುತ್ತಿದ್ದ. ಅವಸರದಿಂದ ಮನುಷ್ಯ ಏನೇನು ಕಳೆದುಕೊಂಡಿದ್ದಾನೆಂದು ವಿವರಿಸುತ್ತಿದ್ದ. ಹೇಳುತ್ತ ಹೇಳುತ್ತ ಅವನ ಮಾತು ಚೆನ್ನಾಗಿ ಪಳಗಿತು. ಉಳಿ ಕೆಳಗಿರುವ ಹೊತ್ತು ಹೆಚ್ಚಾಯಿತು.

ಬಂದವರಿಗೆ ಕೊಟ್ರಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ಚಹಾ ಕೊಡುತ್ತಿದ್ದಳು. ಒಲೆ ನೆಲದ ಮೇಲಿತ್ತು. ಒಂದು ಕೈ ಗೋಡೆಗೆ ಊರಿ ಕೂರುತ್ತಿದ್ದಳು, ಒಂದು ಕೈ ಗೋಡೆಗೆ ಊರಿ ಏಳುತ್ತಿದ್ದಳು. ಒಬ್ಬ ಹೆಂಗಸು ಅವಳಿಗೆ, “ನೀವು ಪುಣ್ಯವಂತರು ಕಣಮ್ಮ, ಹೆಂಡತಿಗೆ ಕೈಯಾರೆ ಮಂಚ ಮಾಡಿಕೊಡುವ ಗಂಡ ಯಾರಿಗೆ ಸಿಗುತ್ತಾನೆ?” ಎಂದಳು. ಕೊಟ್ರಮ್ಮ ನಕ್ಕು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ನಕ್ಕದ್ದನ್ನು ಮುರಿಗೆಪ್ಪ ನೋಡಿದ. ಅವಳಿಗೂ ಸಂತೋಷವಾಗಿದೆ ಎಂದುಕೊಂಡ.

ಮಳೆಗಾಲ ಬಂದು ಹೋಯಿತು. ಚಳಿ ಬಂತು. ಮಣ್ಣಿನ ನೆಲ ಮಳೆಯ ತೇವ ಹೀರಿಕೊಂಡಿತ್ತು. ಚಾಪೆಯ ಕೆಳಗಿನಿಂದ ತಂಪು ಏರುತ್ತಿತ್ತು. ಹಿತ್ತಲಿನಲ್ಲಿ ಅವರೆ, ಬದನೆ ಹಾಕಿ ದಿನವೂ ಅಲ್ಲೇ ಓಡಾಡುತ್ತಿದ್ದ ಕೊಟ್ರಮ್ಮ ಈಗ ಹೊರಗೆ ಹೋಗುವುದನ್ನು ಕಡಿಮೆ ಮಾಡಿದಳು. ಹೆಂಡತಿ ಮನೆಯೊಳಗಿನ ನೆಮ್ಮದಿಗೆ ಒಗ್ಗಿಕೊಂಡಳು ಎಂದು ಮುರಿಗೆಪ್ಪ ತಿಳಿದ. ಅವನು ಮೂರನೆಯ ಕಾಲಿನ ತಾವರೆಯಲ್ಲಿ ಮುಳುಗಿದ್ದ.

ಒಂದು ಬೆಳಗ್ಗೆ ಅವನು ಹೊರಗೆ ಉಳಿ ಮಸೆಯುತ್ತಿದ್ದಾಗ ಒಳಗೆ ಏನೋ ಬಿದ್ದ ಸದ್ದಾಯಿತು. ಪಾತ್ರೆ ಇರಬೇಕು ಎಂದುಕೊಂಡ. ಸ್ವಲ್ಪ ಹೊತ್ತಿಗೆ, “ರೀ,” ಎಂಬ ಧ್ವನಿ ಕೇಳಿತು. ಓಡಿ ಹೋಗಿ ನೋಡಿದ. ಕೊಟ್ರಮ್ಮ ಚಾಪೆಯ ಮೇಲೆ ಅಡ್ಡಬಿದ್ದಿದ್ದಳು. ಏಳಲು ಹೋಗಿ ಮಂಡಿ ಮಡಚಿತ್ತು. ಅವನೊಬ್ಬನ ಕೈಯಲ್ಲಿ ಅವಳನ್ನು ಎತ್ತಲಾಗಲಿಲ್ಲ. ಪಕ್ಕದ ಮನೆಯ ತಿಪ್ಪಮ್ಮನನ್ನು ಕೂಗಿದ.

ತಿಪ್ಪಮ್ಮ ರೈತನ ಹೆಂಡತಿ, ಗಟ್ಟಿ ಹೆಂಗಸು. ಬಂದವಳು ಕೊಟ್ರಮ್ಮನ ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು. ಕಾಲು ಮುಟ್ಟಿ ನೋಡಿದಳು. ಎದ್ದು ಹೋಗಿ, ತನ್ನ ಗಂಡನೊಂದಿಗೆ ಒಂದು ಹೊರಸು, ಹುರಿ ಹೆಣೆದ ಗಿಡ್ಡ ಮಂಚ, ಹೊತ್ತು ತಂದಳು. ಜಾಲಿಯ ಕಾಲು, ಪುಂಡಿ ನಾರಿನ ಹುರಿ. ಒಂದು ಕಡೆ ಹುರಿ ಹರಿದು ಗಂಟು ಹಾಕಿತ್ತು. ಅದನ್ನು ಗೋಡೆಯ ಪಕ್ಕ ಹಾಕಲು ಬಂದಾಗ ಮುರಿಗೆಪ್ಪ ಅಡ್ಡ ನಿಂತ.

“ಬೇಡ ತಿಪ್ಪಮ್ಮ, ನಿಮಗೆ ಯಾಕೆ ತೊಂದರೆ. ಮಂಚ ಮಾಡುತ್ತಲೇ ಇದ್ದೇನಲ್ಲ. ಇನ್ನೊಂದು ಕಾಲು ಉಳಿದಿದೆ ಅಷ್ಟೆ.”

ತಿಪ್ಪಮ್ಮ ಕೊಟ್ರಮ್ಮನ ಕಡೆ ನೋಡಿದಳು.

“ನಾನು ಇವತ್ತು ಮಲಗಬೇಕು ರೀ,” ಎಂದಳು ಕೊಟ್ರಮ್ಮ.

ಮುರಿಗೆಪ್ಪ ಪಕ್ಕಕ್ಕೆ ಸರಿದ. ಹೊರಸು ಗೋಡೆಯ ಬಳಿ ಬಂತು. ಕೊಟ್ರಮ್ಮ ಅದರ ಮೇಲೆ ಮಲಗಿದಳು, ಮಲಗಿದ ತಕ್ಷಣ ನಿದ್ದೆ ಹೋದಳು. ಹಗಲು ಹೊತ್ತಿನಲ್ಲಿ ಅವಳು ಹಾಗೆ ಮಲಗಿದ್ದನ್ನು ಅವನು ಕಂಡಿರಲಿಲ್ಲ.

ನಾಟಿ ವೈದ್ಯ ಬಂದು ನೋಡಿದ. ಮೂಳೆ ಮುರಿದಿಲ್ಲ, ಆದರೆ ಇನ್ನು ನೆಲದ ಸಹವಾಸ ಬೇಡ ಎಂದು ಹೇಳಿ ಎಣ್ಣೆ ಕೊಟ್ಟು ಹೋದ.

ಮುರಿಗೆಪ್ಪನಿಗೆ ಆ ಹೊರಸನ್ನು ನೋಡಲು ಆಗಲಿಲ್ಲ. ಬಂದವರು ಮೊದಲು ಅದನ್ನೇ ನೋಡುತ್ತಾರೆ ಎಂಬುದು ಅವನನ್ನು ಚುಚ್ಚಿತು. ಅವನು ಬೆಳಗಿನಿಂದ ಸಂಜೆಯವರೆಗೆ ದುಡಿದ. ಅದುವರೆಗೆ ಒಂದು ದಳಕ್ಕೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಇಡೀ ಕಾಲನ್ನೇ ಮುಗಿಸಿದ. ಚೌಕಟ್ಟು ಕೂಡಿಸಿದ, ಹೊಸ ಹತ್ತಿಯ ಪಟ್ಟಿ ಬಿಗಿದ. ಎಣ್ಣೆ ಹಚ್ಚಿ ಉಜ್ಜಿದಾಗ ಹೊನ್ನೆಯ ಕೆಂಪು ಎದ್ದು ಬಂತು. ವೀರಾಚಾರಿ ಬಂದು ಸುತ್ತ ತಿರುಗಿ ನೋಡಿ, “ನನ್ನ ಕೈಯಲ್ಲಿ ಇದು ಆಗುವುದಿಲ್ಲ ಸಾಹುಕಾರ್ರೇ,” ಎಂದ. ಅವನು ಸುಮ್ಮನೆ ಹೊಗಳುವವನಲ್ಲ. ಮಂಚ ನಿಜವಾಗಿಯೂ ಚೆನ್ನಾಗಿತ್ತು.

ಮಂಚವನ್ನು ಒಳಗೆ ತಂದು ಹಾಸಿಗೆ ಹಾಸಿ ಕೊಟ್ರಮ್ಮನನ್ನು ಕರೆದ. ಅವಳು ಹೊರಸಿನಿಂದ ಎದ್ದು, ಗೋಡೆ ಹಿಡಿದು ನಡೆದು ಬಂದಳು. ತಾವರೆಯನ್ನು ಮುಟ್ಟಿದಳು. ಹತ್ತಿ ಕೂರಲು ಹೋದಳು, ಆಗಲಿಲ್ಲ. ಮುರಿಗೆಪ್ಪ ತೋಳು ಹಿಡಿದು ಮೇಲೆ ಕೂರಿಸಿದ. ಅವಳ ಪಾದಗಳು ನೆಲ ಮುಟ್ಟಲಿಲ್ಲ. ಇಳಿಯಬೇಕೆಂದರೆ ಮಂಡಿಯ ಮೇಲೆ ಭಾರ ಬಿಟ್ಟು ಜಾರಬೇಕು. ಅವಳು ಹಾಸಿಗೆಯ ಮೇಲೆ ಕೈಯಾಡಿಸಿ, “ಚೆನ್ನಾಗಿದೆ ರೀ. ಇಳಿಸಿ,” ಎಂದಳು. ಇಳಿಸಿದ. ಅವಳು ಹೋಗಿ ಹೊರಸಿನ ಮೇಲೆ ಕುಳಿತಳು.

ಮುರಿಗೆಪ್ಪನಿಗೆ ಸಿಟ್ಟು ಬಂತು. “ಇಷ್ಟು ದಿನ ಬೆವರು ಸುರಿಸಿದ್ದು ಯಾರಿಗಾಗಿ?” ಎಂದು ದನಿ ಏರಿಸಿ ಕೇಳಿದ.

ಕೊಟ್ರಮ್ಮ ದನಿ ಏರಿಸಲಿಲ್ಲ. “ನನಗೂ ಅದೇ ತಿಳಿಯಲಿಲ್ಲ,” ಎಂದಳು. ಕುಹಕವಾಗಿ ಹೇಳಲಿಲ್ಲ. ನಿಜವಾಗಿಯೂ ತಿಳಿಯದವಳ ಹಾಗೆ ಹೇಳಿದಳು.

ಅವನು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತ. ಸಿಟ್ಟು ಇಳಿಯುವವರೆಗೆ ಕುಳಿತಿದ್ದ. ಒಳಗೆ ಬಂದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೊದಲು ಚಾಪೆ ಹಾಸುತ್ತಿದ್ದ ಜಾಗ ಬರಿದಾಗಿತ್ತು. ಅಲ್ಲಿ, ಸುಣ್ಣದ ಗೋಡೆಯ ಮೇಲೆ, ಒಂದು ಅಂಗೈಯಷ್ಟು ಅಗಲದ ಕಂದು ಕಲೆ ಕಂಡಿತು. ಮಳೆಯ ನೀರು ಇಳಿದಿರಬೇಕೆಂದು ಅವನು ಹತ್ತಿರ ಹೋಗಿ ಮುಟ್ಟಿದ. ತೇವವಿರಲಿಲ್ಲ. ನುಣುಪಾಗಿತ್ತು. ದಿನವೂ ಒಂದೇ ಜಾಗದಲ್ಲಿ ಕೈ ಊರಿ ಊರಿ ಸುಣ್ಣ ಸವೆದು, ಕೆಳಗಿನ ಮಣ್ಣು ಹೊಳಪಾಗಿತ್ತು. ಅವನ ಮಂಚದ ಯಾವ ಭಾಗವೂ ಅಷ್ಟು ನುಣುಪಾಗಿರಲಿಲ್ಲ.

ಮುರಿಗೆಪ್ಪ ಆ ಕಲೆಯ ಮೇಲೆ ತನ್ನ ಅಂಗೈ ಇಟ್ಟ. ಕೈ ಊರಿ ಕೂತು ನೋಡಿದ, ಎದ್ದು ನೋಡಿದ. ಅಂಗಡಿಯಲ್ಲಿ ಗುರುತಿಲ್ಲದ ಹೆಂಗಸರಿಗೂ ಸೀರೆಯನ್ನು ಹೆಗಲಿಗೆ ಹಿಡಿಯದೆ ಕೊಟ್ಟವನಲ್ಲ ಅವನು. ಈ ಮಂಚದ ಎತ್ತರವನ್ನು ಎಲ್ಲಿಂದ ತಂದೆ ಎಂದು ಯೋಚಿಸಿದ. ಗೌಡರ ಮನೆಯಿಂದ ತಂದಿದ್ದ. ಆ ಮಂಚದಲ್ಲಿ ಯಾರು ಮಲಗುತ್ತಿದ್ದರೆಂದೂ ಅವನಿಗೆ ಗೊತ್ತಿರಲಿಲ್ಲ.

ಬೆಳಗಾದ ಮೇಲೆ ಅವನು ತಿಪ್ಪಮ್ಮನ ಮನೆಗೆ ಹೋದ.

“ಹೊರಸು ಇನ್ನೂ ಕೆಲವು ದಿನ ನಮ್ಮಲ್ಲಿ ಇರಬಹುದೇ, ತಾಯೀ?” ಎಂದು ಕೇಳಿದ.

“ಇರಲಿ ಬಿಡಣ್ಣ. ಬೀಗರು ಬಂದಾಗ ಹಾಕುವ ಹೊರಸು ಅದು. ಸುಗ್ಗಿ ಮುಗಿಯುವವರೆಗೆ ಯಾವ ಬೀಗರೂ ಬರುವುದಿಲ್ಲ. ಬಂದರೂ ಅವರ ಮಂಡಿ ಗಟ್ಟಿಯಾಗಿದೆ,” ಎಂದಳು ತಿಪ್ಪಮ್ಮ.

ಅವನು ಹರಿದ ಕಡೆ ಹೊಸ ಹುರಿ ಹಾಕಿ ಹೊರಸನ್ನು ಬಿಗಿ ಮಾಡಿದ. ಅದರ ಮೇಲೆ ಕೊಟ್ರಮ್ಮನನ್ನು ಕೂರಿಸಿದ. ಒಂದು ದಾರ ತಂದು ಅವಳ ಹಿಮ್ಮಡಿಯಿಂದ ಮಂಡಿಯವರೆಗೆ ಹಿಡಿದ. “ಏಳು,” ಎಂದ. ಎದ್ದಳು. “ಕೂರು,” ಎಂದ. ಕುಳಿತಳು. ಕೂರುವಾಗ ಯಾವ ಕೈ ಮೊದಲು ಹಿಂದಕ್ಕೆ ಹೋಗುತ್ತದೆ, ಏಳುವಾಗ ಯಾವ ಪಾದ ಮೊದಲು ನೆಲ ಹುಡುಕುತ್ತದೆ ಎಂದು ನೋಡಿದ.

“ಏನು ರೀ ಇದು, ರವಿಕೆಗೆ ಅಳತೆ ತೆಗೆಯುವ ಹಾಗೆ?” ಎಂದು ಅವಳು ಕೇಳಿದಳು.

“ಹೌದು,” ಎಂದ. ದಾರದಲ್ಲಿ ಅವಳ ಮಂಡಿಯ ಎತ್ತರಕ್ಕೆ ಒಂದು ಗಂಟು ಹಾಕಿದ.

ಅವನು ಮಂಚವನ್ನು ಹೊರಗೆ ಒಯ್ದು ಮಗುಚಿ ಹಾಕಿದ. ದಾರ ಹಿಡಿದು ಗುರುತು ಮಾಡಿದ. ಗುರುತು ತಾವರೆಗಿಂತ ಮೇಲೆ ಬಿತ್ತು. ಗರಗಸ ಎತ್ತಿಕೊಂಡಾಗ ವೀರಾಚಾರಿ ಆ ದಾರಿಯಲ್ಲಿ ಬಂದ.

“ಸಾಹುಕಾರ್ರೇ, ತಡೆಯಿರಿ! ತಲೆ ಕೆಟ್ಟಿದೆಯೇ ನಿಮಗೆ? ಬೇಕಾದರೆ ಒಂದು ಮೆಟ್ಟಿಲು ಮಾಡಿ ಕೆಳಗಿಡಿ. ಇಂಥ ಕೆಲಸವನ್ನು ಯಾರಾದರೂ ಕೊಯ್ಯುತ್ತಾರೆಯೇ?”

“ಮೆಟ್ಟಿಲು ಹತ್ತುವುದೂ ಮಂಡಿಯೇ ಅಲ್ಲವೇ, ಆಚಾರ್ರೇ?” ಎಂದು ಮುರಿಗೆಪ್ಪ ಗರಗಸ ಹಚ್ಚಿದ. ವೀರಾಚಾರಿ ನೋಡಲಾರದೆ ಹೊರಟುಹೋದ. ನಾಲ್ಕು ತಾವರೆಗಳೂ ಬಿದ್ದವು. ಮುರಿಗೆಪ್ಪ ಗರಗಸ ಕೆಳಗಿಟ್ಟ. ಬಹಳ ಹೊತ್ತು ಅವುಗಳ ಕಡೆ ನೋಡುತ್ತ ಕುಳಿತ. ಆಮೇಲೆ ಎತ್ತಿ ಹಂಡೆಯ ಒಲೆಯ ಪಕ್ಕ ಹಾಕಿದ. ಒಣಗಿದ ಹೊನ್ನೆ ಚೆನ್ನಾಗಿ ಉರಿಯುತ್ತದೆ. ಆ ದಿನ ಕೊಟ್ರಮ್ಮನ ಕಾಲಿಗೆ ಬಿಸಿ ನೀರು ಸಾಕಷ್ಟು ಆಯಿತು.

ಕಾಲು ಕೊಯ್ದರೆ ಮಂಚ ಆಯಿತು ಎಂದು ನೀನು ತಿಳಿಯಬಹುದು. ಆಗಲಿಲ್ಲ. ಅಂಚು, ಅಗಲ ಎಲ್ಲವೂ ಗೌಡರ ಮಂಚದವೇ; ಅವನು ಎಲ್ಲ ಕೂಡುಗಳನ್ನೂ ಬಿಚ್ಚಿದ. ಮತ್ತೆ ಮೊದಲಿನಿಂದ ಕೆಲಸ ಹಿಡಿದ.

ಈ ಸಲ ಅವನು ಎಲ್ಲಿ ಕೆಲಸ ಮಾಡುತ್ತಿದ್ದನೋ ಅಲ್ಲಿಗೆ ಹೊರಸನ್ನೂ ಎಳೆದು ತರುತ್ತಿದ್ದ. ಬೆಳಗಿನ ಬಿಸಿಲಿಗೆ ಮನೆಯ ಮುಂದೆ, ಬಿಸಿಲು ಏರಿದ ಮೇಲೆ ಹಿತ್ತಲಿನ ಬೇವಿನ ಕೆಳಗೆ. ಕೊಟ್ರಮ್ಮ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು, ಅವರೆ ಬಿಡಿಸುತ್ತಿದ್ದಳು. ಅವನು ಒಂದು ಮರದ ಪಟ್ಟಿಯನ್ನು ಕೀಸಿ ತಂದು ಅವಳ ಮಂಡಿಯ ಹಿಂದೆ ಇಟ್ಟು, “ಒತ್ತುತ್ತದೆಯೇ?” ಎಂದು ಕೇಳುತ್ತಿದ್ದ. ಒತ್ತುತ್ತದೆ ಎಂದರೆ ಮತ್ತೆ ಕೀಸುತ್ತಿದ್ದ. ಅಂಚನ್ನು ಉರುಟು ಮಾಡಿದ. ಏಳುವಾಗ ಹಿಡಿದುಕೊಳ್ಳಲು ತಲೆಯ ಕಡೆ ಒಂದು ಗೂಟ ಬೇಕೆಂದು ಅವನಿಗೇ ತೋಚಿತು, ಬಲಗಡೆ ನಿಲ್ಲಿಸಿದ. ಅವಳು ಹಿಡಿದು ನೋಡಿ, “ಎಡಗಡೆ ಇದ್ದರೆ ವಾಸಿ,” ಎಂದಳು. ಬಲಗಡೆಯ ತೂತಿಗೆ ಬೆಣೆ ಹೊಡೆದು ಮುಚ್ಚಿ ಎಡಗಡೆ ಹೊಸದಾಗಿ ಕೊರೆದ. ಆ ಬೆಣೆಯ ಗುರುತು ಎದ್ದು ಕಾಣುತ್ತಿತ್ತು. ಅವನು ಅದನ್ನು ಹಾಗೆಯೇ ಬಿಟ್ಟ.

ಕೆಲಸದ ನಡುವೆ ಮಾತು ಬರುತ್ತಿತ್ತು. ಪೇಟೆಯಲ್ಲಿದ್ದಾಗ ಅವರು ಆಡುತ್ತಿದ್ದ ಮಾತು ಊಟ ಆಯಿತೇ, ಬೀಗ ಹಾಕಿದೆಯಾ ಎನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಇಲ್ಲಿಗೆ ಬಂದ ಮೇಲೆ ಮಾತು ಬಂದವರ ಪಾಲಾಗಿತ್ತು. ಈಗ ಅವಳು ತನ್ನ ತವರಿನ ಕಣದ ಕತೆ ಹೇಳಿದಳು. ಮಗಳ ಬಾಣಂತನದಲ್ಲಿ ತಾನು ಹೆದರಿದ್ದನ್ನು ಹೇಳಿದಳು. ಆ ಹೆದರಿಕೆ ಅವನಿಗೆ ಗೊತ್ತೇ ಇರಲಿಲ್ಲ. ಮಂಡಿ ಸ್ವಲ್ಪ ವಾಸಿಯಾದ ಮೇಲೆ ಅವಳೂ ಒಂದು ತುಂಡು ಉಪ್ಪುಕಾಗದ ಹಿಡಿದು ತನ್ನ ಕೈಗೆ ಎಟುಕುವ ಭಾಗವನ್ನು ಉಜ್ಜತೊಡಗಿದಳು. ತನ್ನ ಕೈ ತಾಗುವ ಜಾಗ ಎಷ್ಟು ನುಣುಪಾಗಬೇಕೆಂದು ಅವಳಿಗೇ ಗೊತ್ತಿತ್ತು.

ಪೇಟೆಯಿಂದ ಜನ ಬರುವುದು ನಿಂತಿರಲಿಲ್ಲ. ಬಂದವರಿಗೆ ಮುರಿಗೆಪ್ಪ, “ಕೂತುಕೊಳ್ಳಿ,” ಎಂದು ಹೇಳಿ ಕೆಲಸ ಮುಂದುವರಿಸುತ್ತಿದ್ದ. ಚಹಾ ಬೇಕೆಂದರೆ ತಾನೇ ಎದ್ದು ಕಾಯಿಸುತ್ತಿದ್ದ. ತಾವರೆ ಎಲ್ಲಿ ಎಂದು ಕೇಳಿದವರಿಗೆ, “ಉರಿಸಿದೆವು,” ಎನ್ನುತ್ತಿದ್ದ. ಅವಸರದ ಕೇಡಿನ ಬಗ್ಗೆ ಹೇಳಿ ಎಂದು ಕೇಳಿದರೆ, ಕೀಸುವ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಳ್ಳಿ ಎನ್ನುತ್ತಿದ್ದ. ಕೆಲವರಿಗೆ ಬೇಸರವಾಯಿತು. ಸಾಹುಕಾರನಿಗೆ ಮೊದಲಿನ ಹುಮ್ಮಸ್ಸು ಇಲ್ಲ ಎಂದು ಮಾತಾಡಿಕೊಂಡರು. ಬರುವವರು ಕಡಿಮೆಯಾದರು.

ಮಂಚ ಮುಗಿಯಿತು. ಗಿಡ್ಡ ಕಾಲು, ಬೋಳು ಕಾಲು. ದೂರದಿಂದ ನೋಡಿದರೆ ಕಣ್ಣು ನಿಲ್ಲಿಸುವಂಥದು ಅದರಲ್ಲಿ ಏನೂ ಇರಲಿಲ್ಲ. ಕೊಟ್ರಮ್ಮ ಊಟ ಮಾಡಿ ಮಧ್ಯಾಹ್ನ ಅದರ ಮೇಲೆ ಕುಳಿತಳು. ಎರಡೂ ಪಾದ ನೆಲದ ಮೇಲೆ ಊರಿದವು. ಹಿಂದಕ್ಕೆ ಒರಗಿದಳು, ಕಾಲು ಮೇಲೆ ಎತ್ತಿಕೊಂಡಳು, ಮಲಗಿದಳು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಮುರಿಗೆಪ್ಪ ಎಬ್ಬಿಸಲಿಲ್ಲ. ತಾನೇ ದೀಪ ಹಚ್ಚಿ, ಒಲೆ ಹೊತ್ತಿಸಿ, ಮುದ್ದೆ ಮಾಡಲು ಹೋಗಿ ಗಂಟು ಗಂಟು ಮಾಡಿದ. ಅವಳು ಎದ್ದು, ಎಡಗೈಯಲ್ಲಿ ಗೂಟ ಹಿಡಿದು ನಿಂತು, ಗೋಡೆಯ ಹಂಗಿಲ್ಲದೆ ನಡೆದು ಬಂದು, ಆ ಮುದ್ದೆಯನ್ನೇ ಉಂಡಳು.

ಹೊರಸನ್ನು ಅವರು ತಿಪ್ಪಮ್ಮನಿಗೆ ಮರಳಿಸಿದರು. ತಿಪ್ಪಮ್ಮ ಹೊಸ ಹುರಿಯನ್ನು ತಟ್ಟಿ ನೋಡಿ, “ನಮ್ಮ ಬೀಗರಿಗೆ ಇಷ್ಟು ಸುಖ ಬೇಡವಾಗಿತ್ತು,” ಎಂದು ನಕ್ಕಳು.

ಮುಂದಿನ ವರ್ಷ ಪೇಟೆಯ ಒಬ್ಬ ದೊಡ್ಡ ಕುಳ ಬಂದು ಆ ಮಂಚವನ್ನು ನೋಡಿದ. ಕೂತು ನೋಡಿದ, ಅಂಚಿನ ಮೇಲೆ ಕೈಯಾಡಿಸಿದ. ಬೋಳು ಮಂಚವಾದರೂ ಅವನಿಗೆ ಮೆಚ್ಚುಗೆಯಾಯಿತು. “ನನಗೂ ಇಂಥದೇ ಒಂದು ಮಾಡಿಕೊಡಿ. ನಿಧಾನವಾಗಿಯೇ ಮಾಡಿ, ಅವಸರವಿಲ್ಲ,” ಎಂದ.

“ಅದರಲ್ಲಿ ಯಾರು ಮಲಗುತ್ತಾರೆ?” ಎಂದು ಮುರಿಗೆಪ್ಪ ಕೇಳಿದ.

“ಅದನ್ನು ಆಮೇಲೆ ನೋಡಿದರಾಯಿತು.”

“ನೋಡಿಕೊಂಡು, ಅವರನ್ನು ಕರೆದುಕೊಂಡು ಬನ್ನಿ,” ಎಂದ ಮುರಿಗೆಪ್ಪ. ಆ ಮನುಷ್ಯ ಮತ್ತೆ ಬರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಆ ಹಳ್ಳಿಯಲ್ಲೇ ಉಳಿದರು. ಮುರಿಗೆಪ್ಪ ಇನ್ನೂ ಹಲವು ಸಾಮಾನು ಮಾಡಿದ. ತಿಪ್ಪಮ್ಮನ ಅತ್ತೆಗೆ ಒರಗಿ ಕೂರುವ ಮಣೆ ಮಾಡಿಕೊಟ್ಟ. ಅದನ್ನು ಒಂದೇ ವಾರದಲ್ಲಿ ಮುಗಿಸಿದ; ಆ ಮುದುಕಿಗೆ ಕಾಯಲು ಹೆಚ್ಚು ಕಾಲವಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಆಮೇಲೆ ಕೇಳಿದ:

“ಗುರುಗಳೇ, ಮೊದಲ ಸಲ ಆ ಮಂಚಕ್ಕೆ ಒಂದು ವರ್ಷ ದಾಟಿತು. ಎರಡನೆಯ ಸಲ ಎಷ್ಟು ಕಾಲ ಹಿಡಿಯಿತು?”

ಗುರುಗಳು ಮಡಿಸಿಟ್ಟ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಎದ್ದರು.

“ಮೊದಲ ಸಲದ ಒಂದೊಂದು ದಿನದ ಲೆಕ್ಕವೂ ಕೊಟ್ರಮ್ಮನಿಗೆ ಗೊತ್ತಿತ್ತು. ಎರಡನೆಯ ಸಲ ಎಷ್ಟು ದಿನ ಹಿಡಿಯಿತೆಂದು ಕೇಳಿದರೆ, ಅವಳು ಎಣಿಸಿಯೇ ಇರಲಿಲ್ಲ.”